ನಿಲ್ಲಬಾರದ ಸರ್ವರ್

ನಮ್ಮ ಭಾವನವರು ಜೀವಮಾನದಲ್ಲಿ ಮಾಡಿದ ಒಂದೇ ಸಾಧನೆ ಎಂದರೆ ಒಂದು ಯಂತ್ರವನ್ನು ಆಫ್ ಮಾಡದೆ ಇಟ್ಟದ್ದು. ಇದನ್ನು ನಾನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ಅವರೇ ಹೇಳಿಕೊಳ್ಳುವ ಮಾತು. ಮನೆಗೆ ಹಾಲಿನವನು ಬರಲಿ, ಗ್ಯಾಸಿನವನು ಬರಲಿ, ನಮ್ಮ ಕಡೆಯ ನೆಂಟರು ಬರಲಿ, ಮುಂದಿನ ಕೋಣೆಯ ಬಾಗಿಲನ್ನು ಒಂದು ಗೇಣು ತೆರೆದು, ಒಳಗೆ ಹಸಿರು ದೀಪ ಮಿಣುಕಿಸುತ್ತ ಗುಂಯ್‌ಗುಡುವ ಕಪ್ಪು ಪೆಟ್ಟಿಗೆಯನ್ನು ತೋರಿಸಿ, "ನಾಲ್ಕು ವರ್ಷ ಆಯ್ತು, ಒಂದೇ ಒಂದು ಸಲ ನಿಂತಿಲ್ಲ" ಎನ್ನುತ್ತಿದ್ದರು. ಪಕ್ಕದಲ್ಲಿ ಒಂದು ಹಳೆಯ ಮಾನಿಟರ್. ಸರ್ವರ್ ಎಷ್ಟು ದಿನದಿಂದ ನಿಲ್ಲದೆ ಓಡುತ್ತಿದೆ ಎಂಬ ಲೆಕ್ಕ ಅದರ ಮೇಲೆ ದೊಡ್ಡ ದೊಡ್ಡ ಅಂಕಿಗಳಲ್ಲಿ ಮೂಡುತ್ತಿತ್ತು. ಹಾಲಿನವನು "ಹೌದಾ ಸಾರ್" ಎಂದು ತಲೆಯಾಡಿಸಿ, ಹೋಗುವಾಗ ಅಕ್ಕನ ಹತ್ತಿರ "ಅದೇನಮ್ಮಾ, ಫ್ರಿಜ್ಜಾ?" ಎಂದು ಕೇಳಿದ್ದುಂಟು.

ಭಾವ ಎಂದರೆ ನನ್ನ ಅಕ್ಕನ ಗಂಡ. ಮದುವೆಯಾದ ಹೊಸತರಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದರು. ಪಾಠವೆಲ್ಲ ಆಯಿತು, ಪರೀಕ್ಷೆ ಮಾತ್ರ ನಡೆಸಲೇ ಇಲ್ಲ. ಆಮೇಲೆ ಝೆರಾಕ್ಸ್ ಅಂಗಡಿ ಇಟ್ಟರು. ಬೋರ್ಡಿನಲ್ಲಿ ಫೋನ್ ನಂಬರಿನ ಕೊನೆಯ ಅಂಕಿಗೆ ಜಾಗ ಸಾಲದೆ ಹೋದಾಗ "ಆಮೇಲೆ ಬರೆಸಿದರಾಯ್ತು" ಎಂದರು. ಅಂಗಡಿ ಮುಚ್ಚುವವರೆಗೂ ಆ ಅಂಕಿ ಬರಲಿಲ್ಲ. ಯಾವುದನ್ನು ಹಿಡಿದರೂ ಮುಕ್ಕಾಲು ಮಾಡಿ ಮೀಸೆ ತಿರುವುವುದು, ಉಳಿದ ಕಾಲನ್ನು ಅಕ್ಕನ ತಲೆಗೆ ಕಟ್ಟುವುದು ಅವರ ಕ್ರಮ. ಕೊನೆಗೆ ಕೈಗೆ ಹತ್ತಿದ್ದು ಈ ಕ್ಲೌಡ್ ಹೋಸ್ಟಿಂಗ್. ಕ್ಲೌಡ್ ಎಂದರೆ ಏನೋ ಎಂದು ಹೆದರಬೇಕಾಗಿಲ್ಲ. ಲಿನಕ್ಸ್ ಹಾಕಿದ ಒಂದು ದೊಡ್ಡ ಕಂಪ್ಯೂಟರ್, ಅದರ ಹೊಟ್ಟೆಯೊಳಗೆ ಸಾಫ್ಟ್‌ವೇರಿನಿಂದಲೇ ಕಟ್ಟಿದ ಹತ್ತು ಹನ್ನೆರಡು ಪುಟ್ಟ ಕಂಪ್ಯೂಟರುಗಳು. ಒಂದನ್ನು ಕನ್ನಡಕದ ಅಂಗಡಿಗೆ, ಒಂದನ್ನು ಡ್ರೈವಿಂಗ್ ಶಾಲೆಗೆ, ಒಂದನ್ನು ಹಲ್ಲಿನ ಡಾಕ್ಟರಿಗೆ, ಹೀಗೆ ಅವರವರ ವೆಬ್‌ಸೈಟ್ ಇಟ್ಟುಕೊಳ್ಳಲು ಬಾಡಿಗೆಗೆ ಕೊಟ್ಟಿದ್ದರು. ಬೀದಿಯವರು ಅವರಿಗೆ ಮೋಡದ ಸಾಹೇಬರು ಎಂದು ಹೆಸರಿಟ್ಟಿದ್ದರು. ಅದು ಲೇವಡಿ ಎಂದು ಇಡೀ ಬೀದಿಗೆ ಗೊತ್ತಿತ್ತು, ಸಾಹೇಬರೊಬ್ಬರನ್ನು ಬಿಟ್ಟು.

ಸಾಹೇಬರ ವಾಸ ಮಾತ್ರ ನೆಲಮಟ್ಟದ ಬಾಡಿಗೆ ಮನೆಯಲ್ಲಿ. ಮೂರು ಕೋಣೆ. ಬಿಸಿಲು ಬೀಳುವುದು, ಗೋಡೆ ಒಣಗಿರುವುದು ಮುಂದಿನ ಕೋಣೆ ಒಂದೇ. ಅದು ಸರ್ವರಿಗೆ, ಜೊತೆಗೆ ಎಸಿ ಬೇರೆ. ನಡುವಿನದರಲ್ಲಿ ಅಡುಗೆ, ಹೊಗೆ. ಹಿಂದಿನ ಕೋಣೆಯ ಗೋಡೆಯೊಳಗೆ ಬಚ್ಚಲ ಪೈಪು ಎಲ್ಲೋ ಸೋರುತ್ತಿತ್ತು. ಸುಣ್ಣ ಬೊಬ್ಬೆ ಎದ್ದು ಉದುರುತ್ತಿತ್ತು, ಮೂಲೆಯಲ್ಲಿ ಕಪ್ಪು ಬೂಷ್ಟು ಹಬ್ಬಿತ್ತು, ಮಡಿಸಿಟ್ಟ ಬಟ್ಟೆಗೆ ಮುಗ್ಗಲು ವಾಸನೆ. ಆ ಕೋಣೆಯಲ್ಲಿ ಮಲಗುತ್ತಿದ್ದವಳು ಅಕ್ಕನ ಮಗಳು ಪುಟ್ಟಿ. ಒಂದನೇ ಕ್ಲಾಸು ಮುಗಿಸುವ ಹೊತ್ತಿಗೆ ಅವಳಿಗೆ ಉಬ್ಬಸ ಗಟ್ಟಿಯಾಗಿ ಹಿಡಿದಿತ್ತು. ಉಸಿರು ಎಳೆಯುವಾಗ ಕೊರಳ ಕೆಳಗಿನ ಗುಳಿ ಒಳಕ್ಕೆ ಹೋಗುತ್ತಿತ್ತು. ಅಕ್ಕ ನೆಬ್ಯುಲೈಸರ್ ತಂದಿಟ್ಟುಕೊಂಡಿದ್ದಳು. ಕರೆಂಟಿಗೆ ಸಿಕ್ಕಿಸಿ ಮುಖಕ್ಕೆ ಮಾಸ್ಕ್ ಕಟ್ಟಿದರೆ ಔಷಧಿ ಹಬೆಯಾಗಿ ಎದೆಗೆ ಇಳಿಯುತ್ತದೆ. ಡಾಕ್ಟರು ನೇರವಾಗಿ ಹೇಳಿದ್ದರು: "ಔಷಧಿ ನಾನು ಕೊಡ್ತೀನಮ್ಮ, ಗೋಡೆ ಒಣಗಿಸೋಕೆ ನನ್ನ ಕೈಲಾಗಲ್ಲ. ಮೊದಲು ಮಗೂನ ಆ ಕೋಣೆಯಿಂದ ಆಚೆ ತನ್ನಿ."

ಅಕ್ಕ ಅಂದೇ ಕೇಳಿದಳು. "ರೀ, ಆ ಪೆಟ್ಟಿಗೇನ ಹಿಂದಕ್ಕೆ ಹಾಕಿ, ಪುಟ್ಟೀನ ಮುಂದೆ ಮಲಗಿಸೋಣ."

"ತಲೆ ಕೆಟ್ಟಿದೆಯಾ ನಿನಗೆ? ಸರ್ವರ್ ಆಫ್ ಮಾಡೋದಾ?"

"ಹತ್ತು ನಿಮಿಷದ ಕೆಲಸ ತಾನೇ?"

"ಹತ್ತು ನಿಮಿಷ ಅಂತೆ! ಒಂದು ನಿಮಿಷ ನಿಂತ್ರೂ ನಾಲ್ಕು ವರ್ಷದ ಹೆಸರು ಮಣ್ಣುಪಾಲು. ಗಿರಾಕಿಗಳು ನನ್ನ ನಂಬ್ಕೊಂಡಿದಾರೆ ಕಣೇ."

ಹೀಗೆ ಡ್ರೈವಿಂಗ್ ಶಾಲೆಯ ವೆಬ್‌ಸೈಟು ಬಿಸಿಲಿನಲ್ಲಿ ಬೆಚ್ಚಗಿತ್ತು, ಮಗು ಬೂಷ್ಟಿನ ಪಕ್ಕ ಮಲಗಿತ್ತು. ನೆಂಟರಲ್ಲಿ ಕೆಲವರು ಇದನ್ನು ಕರ್ತವ್ಯನಿಷ್ಠೆ ಎಂದೂ ಕರೆದರು. ನನಗೆ ಮೈ ಉರಿಯುತ್ತಿತ್ತು. ನನ್ನ ಕೆಲಸವೂ ಇದೇ, ದೊಡ್ಡ ಹೋಸ್ಟಿಂಗ್ ಕಂಪನಿಯೊಂದರಲ್ಲಿ ಸರ್ವರುಗಳಿಗೆ ನೆಟ್‌ವರ್ಕ್ ಜೋಡಿಸುವುದು. ದಿನ ಬೆಳಗಾದರೆ ಹತ್ತಾರು ಸರ್ವರುಗಳನ್ನು ಆಫ್ ಮಾಡುತ್ತೇನೆ, ಆನ್ ಮಾಡುತ್ತೇನೆ, ಈವರೆಗೆ ಯಾರೂ ಸತ್ತಿಲ್ಲ. ಆದರೆ ಭಾವನವರು ಆ ಕೋಣೆಯ ಒಳಕ್ಕೆ ನನ್ನನ್ನು ಕಾಲಿಡಗೊಡುತ್ತಿರಲಿಲ್ಲ. "ನೀನು ಕಂಪನಿಯಲ್ಲಿ ಸಂಬಳಕ್ಕೆ ಮಾಡೋಳು, ಇದು ಬೇರೇನೇ" ಎನ್ನುತ್ತಿದ್ದರು. ಏನು ಬೇರೆ ಎಂದು ಹೇಳುತ್ತಿರಲಿಲ್ಲ.

ಅಷ್ಟರಲ್ಲಿ ಮೇಲಿನ ಮನೆ ಖಾಲಿಯಾಯಿತು. ಎರಡು ಕಡೆ ಕಿಟಕಿ, ಮುಟ್ಟಿದರೆ ಒಣಗಿದ ಗೋಡೆ, ಬಾಡಿಗೆಯೂ ಅಷ್ಟೇ. ಓನರಮ್ಮ ಬಂದು ಬಾಗಿಲಲ್ಲೇ ನಿಂತು ಹೇಳಿದರು: "ಬರೋದಾದ್ರೆ ಈ ತಿಂಗಳೊಳಗೆ ಬನ್ನಿ. ಕೆಳಗಿನದನ್ನ ಒಡೆದು ಪೈಪ್ ರಿಪೇರಿ ಮಾಡಿಸ್ಬೇಕು. ಇಲ್ಲಾಂದ್ರೆ ಮೇಲಿನದನ್ನ ಬೇರೆಯವರಿಗೆ ಕೊಟ್ಬಿಡ್ತೀನಿ." ಅಕ್ಕ ಗಂಡನ ಮುಖ ನೋಡಲಿಲ್ಲ. "ಬರ್ತೀವಿ" ಎಂದಳು. ಮದುವೆಯಾದ ಮೇಲೆ ಅವರನ್ನು ಕೇಳದೆ ಅವಳು ಕೊಟ್ಟ ಮೊದಲ ಮಾತು ಅದು.

ಭಾವನವರು ಕೆಲವು ದಿನ ಊಟದ ತಟ್ಟೆಯನ್ನು ಸದ್ದು ಮಾಡಿ ಸರಿಸಿದರು. ಆಮೇಲೊಂದು ಭಾನುವಾರ ಮನೆ ಬದಲಾಯಿಸಲು ಕೈಜೋಡಿಸಲೆಂದು ನಾನು ಹೋದಾಗ ಮುಖ ಅರಳಿಸಿಕೊಂಡು ಕೂತಿದ್ದರು. ಗೋಡೆಯ ಮೇಲೆ ಒಂದು ಚಿತ್ರ ಅಂಟಿಸಿದ್ದರು. ಮೆಟ್ಟಿಲು, ಬಾಣದ ಗುರುತು, ನಾಲ್ಕು ಮನುಷ್ಯರು.

"ಸರ್ವರ್ ಆಫ್ ಮಾಡಲ್ಲ. ಓಡ್ತಿರೋ ಹಾಗೇ ಮೇಲಕ್ಕೆ ಒಯ್ಯೋದು" ಎಂದರು.

ನಾನು ತಮಾಷೆ ಎಂದುಕೊಂಡೆ. ತಮಾಷೆಯಾಗಿರಲಿಲ್ಲ. ಇಬ್ಬರು ಹಮಾಲರು ಸರ್ವರ್ ಹಿಡಿಯಬೇಕು, ಇನ್ನಿಬ್ಬರು ಅದಕ್ಕೆ ಬ್ಯಾಟರಿ ಕರೆಂಟು ಕೊಡುವ ಯುಪಿಎಸ್ ಪೆಟ್ಟಿಗೆಯನ್ನು ಪಕ್ಕದಲ್ಲೇ ಹೊರಬೇಕು. ನೆಟ್‌ವರ್ಕ್ ಕೇಬಲ್ಲನ್ನು ಉದ್ದಕ್ಕೆ ಬಿಟ್ಟುಕೊಂಡು ಮಾಲೀಕರಾದ ಭಾವನವರು ಹಿಂದೆ ಹಿಂದೆ ಬರಬೇಕು. ಕಾಯಿಲೆ ಬಿದ್ದ ಮಗುವನ್ನು ಆಸ್ಪತ್ರೆಗೆ ಒಯ್ಯುವಾಗಲೂ ಜನ ಇಷ್ಟು ಏರ್ಪಾಟು ಮಾಡುವುದಿಲ್ಲ. ನಾನು ಆ ಚಿತ್ರವನ್ನು ನೋಡುತ್ತ ನಿಂತಾಗ ಮನಸ್ಸಿಗೆ ಒಂದು ಮಾತು ಹೊಳೆಯಿತು. ಗಿರಾಕಿಗಳ ಮೇಲಿನ ಪ್ರೀತಿಗೆ ಯಾರೂ ಹೀಗೆ ಮಾಡುವುದಿಲ್ಲ. ಇದು ಹೆದರಿದವನ ಕೆಲಸ.

ನಾಲ್ಕು ವರ್ಷದ ಹಿಂದಿನ ಒಂದು ಸಂಜೆ ನೆನಪಾಯಿತು. ನಾನಿನ್ನೂ ಕಾಲೇಜಿನಲ್ಲಿದ್ದೆ, ಆ ಹೊಸ ಸರ್ವರಿನ ಪಕ್ಕದಲ್ಲೇ ಕೂತಿದ್ದೆ. ಭಾವನವರು ಬ್ರಿಡ್ಜ್ ಕಟ್ಟುತ್ತಿದ್ದರು. ಸರ್ವರಿನ ಹೊಟ್ಟೆಯೊಳಗಿನ ಅಷ್ಟೂ ಪುಟ್ಟ ಕಂಪ್ಯೂಟರುಗಳಿಗೆ ಹೊರಗಿನ ಇಂಟರ್ನೆಟ್ಟಿಗೆ ಹೋಗಲು ಇರುವುದು ಒಂದೇ ನೆಟ್‌ವರ್ಕ್ ಕಾರ್ಡು, ಮನೆಗೊಂದೇ ಬೀದಿಬಾಗಿಲಿದ್ದಂತೆ. ಅದರ ಹಿಂದೆ ಬ್ರಿಡ್ಜ್ ಎಂಬ ಪಡಸಾಲೆ ಕಟ್ಟಿ, ಎಲ್ಲ ಕೋಣೆಗಳ ಬಾಗಿಲನ್ನೂ ಅಲ್ಲಿಗೆ ತೆರೆಸಿ, ಬೀದಿಬಾಗಿಲ ಮೇಲಿದ್ದ ವಿಳಾಸವನ್ನು ಪಡಸಾಲೆಗೆ ಬದಲಾಯಿಸಬೇಕು. ಭಾವನವರಿಗೆ ಇದು ಬರುತ್ತಿರಲಿಲ್ಲ. ಗೆಳೆಯನೊಬ್ಬ ಫೋನಿನ ಸ್ಪೀಕರಿನಲ್ಲಿ ಒಂದೊಂದೇ ಕಮಾಂಡ್ ಹೇಳುತ್ತಿದ್ದ, ಇವರು ಟೈಪ್ ಮಾಡುತ್ತಿದ್ದರು. ಕೊನೆಗೆ ಒಳಗಿನ ಕಂಪ್ಯೂಟರಿನಿಂದ ಇಂಟರ್ನೆಟ್ ಬಂದೇಬಿಟ್ಟಿತು. ಭಾವನವರು ಕುರ್ಚಿಯಿಂದ ಹಾರಿ ನಿಂತರು.

"ಈಗ ಇದನ್ನೇ ಫೈಲಲ್ಲೂ ಬರೀಬೇಕು ಕಣೋ, ಇನ್ನೈದು ನಿಮಿಷ ಇರು" ಎಂದ ಗೆಳೆಯ.

"ಬಂತು ಕಣೋ, ಬಂತು! ಅದೆಲ್ಲ ಆಮೇಲೆ ನೋಡೋಣ" ಎಂದು ಫೋನ್ ಇಟ್ಟು ಭಾವನವರು ಇಡೀ ಬೀದಿಗೆ ಸಿಹಿ ಹಂಚಲು ಓಡಿದರು.

ಆಗ ನನಗೆ ಅದು ಅರ್ಥವಾಗಿರಲಿಲ್ಲ. ಈಗ ಅನ್ನ ತಿನ್ನುವುದೇ ಆ ವಿದ್ಯೆಯಿಂದ. ಬರಿದೇ ಕಮಾಂಡ್ ಕೊಟ್ಟು ಎಬ್ಬಿಸಿದ ಬ್ರಿಡ್ಜ್ ಸರ್ವರ್ ಓಡುತ್ತಿರುವ ತನಕ ಮಾತ್ರ ಇರುತ್ತದೆ. ಒಮ್ಮೆ ಆಫ್ ಆದರೆ ಅದರ ಗುರುತೂ ಉಳಿಯುವುದಿಲ್ಲ. ಸೆಟ್ಟಿಂಗ್ ಫೈಲಿನಲ್ಲಿ ಬರೆದಿಟ್ಟರೆ ನೂರು ಸಲ ಆಫ್ ಆಗಿ ಎದ್ದರೂ ತಾನೇ ಕಟ್ಟಿಕೊಳ್ಳುತ್ತದೆ. ಆ ಗೆಳೆಯನ ಜೊತೆ ಭಾವನವರು ಯಾವುದೋ ಮಾತಿಗೆ ಜಗಳವಾಡಿ ದೂರವಾಗಿದ್ದರು. ಅವನು ಹೇಳಿಕೊಟ್ಟದ್ದು ಇವರಿಗೆ ಮರೆತೂ ಹೋಗಿತ್ತು.

"ಭಾವ, ಬ್ರಿಡ್ಜ್ ಫೈಲಲ್ಲಿ ಬರೆದಿದೀರಾ?" ಎಂದು ಕೇಳಿದೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಭಾವನವರು ಎದ್ದು ಹೋಗಿ ಸರ್ವರ್ ಕೋಣೆಯ ಬಾಗಿಲು ಹಾಕಿ ಬಂದರು. "ಅದೆಲ್ಲ ನಿನಗ್ಯಾಕೆ?"

"ಪಾಸ್‌ವರ್ಡ್ ಕೊಡಿ, ಈಗಲೇ ಬರೆದುಬಿಡ್ತೀನಿ. ಸರ್ವರ್ ನಿಲ್ಲಿಸೋದೂ ಬೇಡ. ಆಮೇಲೆ ಧೈರ್ಯವಾಗಿ ಆಫ್ ಮಾಡಿ, ಮೇಲೆ ಹೋಗಿ ಆನ್ ಮಾಡಿ."

"ನೀನು ಹೇಳಿಕೊಡಬೇಕಾ ನನಗೆ? ನಾಲ್ಕು ವರ್ಷ ಓಡಿಸಿದೋನು ನಾನು!"

ಓಡಿಸಿದ್ದಲ್ಲ, ಹುಲಿಯ ಮೇಲೆ ಕೂತಿದ್ದು, ಇಳಿಯಲು ಬಾರದೆ. ಹಾಗೆಂದು ಹೇಳಿಯೇಬಿಟ್ಟೆ. ಅವರು ಕೇಳದವರಂತೆ ಹಮಾಲರಿಗೆ ಫೋನ್ ಮಾಡಲು ಹೊರಟರು. ಒಪ್ಪಿಕೊಂಡರೆ ನಾಲ್ಕು ವರ್ಷ ಹಾಲಿನವನಿಗೂ ಗ್ಯಾಸಿನವನಿಗೂ ತೋರಿಸಿದ್ದು ಸಾಧನೆಯಲ್ಲ, ಹೆದರಿಕೆ ಎಂದಾಗುತ್ತದಲ್ಲ.

ನಾನು ಅಡುಗೆಮನೆಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಪಾತ್ರೆಗಳನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದಳು.

"ಎಷ್ಟು ಬರೀಬೇಕಿತ್ತು?" ಎಂದಳು.

"ಹತ್ತು ಸಾಲು. ಹತ್ತೂ ಇಲ್ಲ."

ಅಕ್ಕ ಒಂದು ಲೋಟ ಕೈಗೆತ್ತಿಕೊಂಡಳು. "ಹತ್ತು ಸಾಲಿಗೆ ನನ್ನ ಮಗು ಆ ಗೋಡೆ ಪಕ್ಕ ಮಲಗಿತ್ತಾ" ಎಂದಳು. ಆಮೇಲೆ ಲೋಟವನ್ನು ಸುತ್ತಿ ಒಳಗಿಟ್ಟಳು.

ಮುಂದಿನ ಭಾನುವಾರ ಬೆಳಗ್ಗೆ ಮೆರವಣಿಗೆ ಹೊರಟಿತು. ಮನೆ ಸಾಮಾನು ಮೊದಲೇ ಮೇಲೆ ಹೋಗಿತ್ತು, ಅಕ್ಕ, ಪುಟ್ಟಿ, ನಾನು ಮೇಲೆಯೇ ಇದ್ದೆವು. ಗೋಡೆ ಕೆರೆದು ಬಣ್ಣ ಹೊಡೆದಿದ್ದರಿಂದ ಮೂಲೆ ಮೂಲೆಯಲ್ಲೂ ಧೂಳಿತ್ತು. ಎಸಿಯ ಲೈನ್ ಎಳೆಯಲು ಕರೆಂಟಿನವನು ಇಡೀ ಕಟ್ಟಡದ ಮೇನ್ ಆಫ್ ಮಾಡಿದ್ದ. ಅವನು ಮುಗಿಸುವ ತನಕ ಆ ಕಟ್ಟಡದಲ್ಲಿ ಕರೆಂಟು ಇದ್ದದ್ದು ಒಂದೇ ಕಡೆ, ಭಾವನವರ ಯುಪಿಎಸ್ಸಿನಲ್ಲಿ. ಅದರ ಹಿಂದೆ ಎರಡು ಸಾಕೆಟ್. ಒಂದು ಯಾವಾಗಲೋ ಸುಟ್ಟು ಹೋಗಿ ಟೇಪ್ ಸುತ್ತಿಸಿಕೊಂಡಿತ್ತು. ರಿಪೇರಿ ಮಾಡಿಸಬೇಕಾದರೆ ಯುಪಿಎಸ್ ಆಫ್ ಮಾಡಬೇಕು, ಯುಪಿಎಸ್ ಆಫ್ ಮಾಡಿದರೆ ಸರ್ವರ್ ನಿಲ್ಲುತ್ತದೆ, ಆದ್ದರಿಂದ ಅದನ್ನೂ ಆಮೇಲೆ ನೋಡುವುದಿತ್ತು. ಇನ್ನೊಂದರಲ್ಲಿ ಸರ್ವರಿನ ಪ್ಲಗ್ಗು.

"ಮೆಲ್ಲಗೆ! ಓಡ್ತಿದೆ ಅದು, ಓಡ್ತಿದೆ!" ಎಂದು ಭಾವನವರು ಕೇಬಲ್ ಹಿಡಿದು ಕೆಳಗಿನಿಂದ ಕೂಗುತ್ತಿದ್ದರು. ಎದುರು ಮನೆಯವರು ಕಿಟಕಿಗೆ ಬಂದು ನಿಂತರು. ಹಮಾಲರಲ್ಲಿ ದೊಡ್ಡವನು "ಓಡೋ ಹಾಗಿದ್ರೆ ತಾನೇ ಹತ್ಲಿ ಬಿಡಿ ಸಾರ್" ಎಂದ. ನಾನು ನಕ್ಕೆ. ನಡುವಿನ ತಿರುವಿನಲ್ಲಿ ಮೆರವಣಿಗೆ ಸಿಕ್ಕಿಹಾಕಿಕೊಂಡಿತು. ಮೆಟ್ಟಿಲು ಕಿರಿದು, ನಾಲ್ವರು ಅಕ್ಕಪಕ್ಕ ತಿರುಗಲಾಗದು, ಸರ್ವರಿಗೂ ಯುಪಿಎಸ್ಸಿಗೂ ನಡುವಿನ ವಯರು ಗಿಡ್ಡ. ಹಿಂದೆ ಬರುವಂತಿಲ್ಲ, ಮುಂದೆ ಹೋಗುವಂತಿಲ್ಲ. ಎರಡನ್ನೂ ತಿರುವಿನ ಚಪ್ಪಡಿಯ ಮೇಲಿಟ್ಟು ಉಸ್ಸೆಂದು ಕೂತರು. ಮೇಲಿನವರು ಇಳಿಯುವ ದಾರಿಯೂ ಮುಚ್ಚಿಹೋಯಿತು.

ಆಗ ಪುಟ್ಟಿಗೆ ಶುರುವಾಯಿತು. ಧೂಳಿಗೆ ಮೊದಲು ಒಣಕೆಮ್ಮು, ಆಮೇಲೆ ಎದೆಯಿಂದ ಸಿಳ್ಳೆಯಂಥ ಸದ್ದು. ಅವಳು ಕಿಟಕಿಯ ಸರಳು ಹಿಡಿದು ಬಾಗಿ ನಿಂತಳು. ಕೊರಳ ಗುಳಿ ಒಳಕ್ಕೆ ಹೋಯಿತು. ಅಕ್ಕ ನೆಬ್ಯುಲೈಸರನ್ನು ಸಾಮಾನಿಗೆ ಹಾಕಿರಲಿಲ್ಲ, ಕೈಚೀಲದಲ್ಲೇ ಇಟ್ಟುಕೊಂಡಿದ್ದಳು. ಔಷಧಿ ತುಂಬಿದಳು. ಸಿಕ್ಕಿಸಲು ಕರೆಂಟಿಲ್ಲ. ಕರೆಂಟಿನವನನ್ನು ಕೂಗಿದೆ. "ವಯರ್ ಬಿಚ್ಚಿಬಿಟ್ಟಿದೀನಿ ಮೇಡಂ, ಈಗ ಕೊಡೋಕಾಗಲ್ಲ" ಎಂದ. ಅಕ್ಕ ಮಗುವನ್ನು ಎತ್ತಿಕೊಂಡು ಮೆಟ್ಟಿಲಿಗೆ ಓಡಿದಳು, ನಾನು ಯಂತ್ರ ಹಿಡಿದು ಹಿಂದೆ ಓಡಿದೆ.

ತಿರುವಿನಲ್ಲಿ ಸರ್ವರ್ ಗುಂಯ್‌ಗುಡುತ್ತಿತ್ತು. ಯುಪಿಎಸ್ ಬ್ಯಾಟರಿ ಮುಗಿಯುತ್ತ ಬಂದಿದೆ ಎಂದು ಕೀಂ ಕೀಂ ಎನ್ನುತ್ತಿತ್ತು.

"ರೀ, ಪ್ಲಗ್ ತೆಗೀರಿ. ಇವಳಿಗೆ ಹಾಕ್ಬೇಕು" ಎಂದಳು ಅಕ್ಕ.

ಇನ್ನು ಮುಂದಿನ ಒಂದೆರಡು ಸಾಲಿಗೆ ಬಹುವಚನ ಕೊಡಲು ನನಗೆ ಮನಸ್ಸಿಲ್ಲ. ಅವನು ಮಗುವಿನ ಮುಖ ನೋಡಿದ. ಸರ್ವರಿನ ದೀಪ ನೋಡಿದ. ಎರಡನ್ನೂ ನೋಡಿ, ಕೇಬಲ್ಲನ್ನು ಕೈಯಲ್ಲಿ ಸುತ್ತುತ್ತ, "ಒಂದೇ ಒಂದು ನಿಮಿಷ ಕಣೇ, ತಿರುವು ದಾಟಿಸಿಬಿಡ್ತೀವಿ" ಎಂದ. ಹೆತ್ತ ಮಗಳಿಗೆ ಉಸಿರಿಗೆ ಕಾಯಲು ಹೇಳಿದ.

ಅಕ್ಕ ಮಗುವನ್ನು ನನ್ನ ತೋಳಿಗೆ ಕೊಟ್ಟು, ಬಾಗಿ, ಸರ್ವರಿನ ಪ್ಲಗ್ಗನ್ನು ಕಿತ್ತಳು. ಆ ಜಾಗಕ್ಕೆ ನೆಬ್ಯುಲೈಸರ್ ಸಿಕ್ಕಿಸಿದಳು. ನಾಲ್ಕು ವರ್ಷ ಗುಂಯ್‌ಗುಟ್ಟಿದ ಫ್ಯಾನು ತಿರುಗಿ ತಿರುಗಿ ನಿಂತಿತು. ಹಸಿರು ದೀಪ ಆರಿತು. ಹಮಾಲರು ತಲೆ ಕೆಳಗೆ ಹಾಕಿ ಕೂತಿದ್ದರು. ಪುಟ್ಟ ಯಂತ್ರದ ಟರ್‌ಟರ್ ಸದ್ದಿನ ನಡುವೆ ಪುಟ್ಟಿಯ ಎದೆಯ ಸಿಳ್ಳೆ ಮೆಲ್ಲಮೆಲ್ಲಗೆ ತಗ್ಗುವುದು ಎಲ್ಲರಿಗೂ ಕೇಳಿಸಿತು. "ನಿಧಾನಕ್ಕೆ ತಗೋ ಕಂದ, ಅವಸರ ಇಲ್ಲ" ಎನ್ನುತ್ತಿದ್ದಳು ಅಕ್ಕ. ಭಾವನವರು ಆರಿದ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.

ಕರೆಂಟು ಬಂದ ಮೇಲೆ ಸರ್ವರನ್ನು ಮೇಲೆ ಒಯ್ದು ಆನ್ ಮಾಡಿದರು. ಸರ್ವರ್ ಎದ್ದಿತು. ಬ್ರಿಡ್ಜ್ ಇರಲಿಲ್ಲ, ಆದ್ದರಿಂದ ಒಳಗಿನ ಬಾಡಿಗೆ ಕಂಪ್ಯೂಟರುಗಳಲ್ಲಿ ಒಂದೂ ಏಳಲಿಲ್ಲ. ಭಾವನವರು ಏನೇನೋ ಟೈಪ್ ಮಾಡಿದರು, ಅಳಿಸಿದರು, ಹಣೆ ಒರೆಸಿಕೊಂಡರು. ನಾಲ್ಕು ವರ್ಷದಿಂದ ಇವರನ್ನು ನಂಬಿಕೊಂಡಿದ್ದ ಗಿರಾಕಿಗಳಿಂದ ಬೈಗುಳದ ಸುರಿಮಳೆ ಬರುತ್ತದೆಂದು ನಾನೂ ಕಾದೆ. ಮಧ್ಯಾಹ್ನದವರೆಗೆ ಬಂದ ಫೋನ್ ಒಂದೇ, ಡ್ರೈವಿಂಗ್ ಶಾಲೆಯವರದು. ಅವರಿಗೂ ವೆಬ್‌ಸೈಟ್ ನಿಂತದ್ದು ಗೊತ್ತಿರಲಿಲ್ಲ. ಹಳೆಯ ಪ್ರಿಂಟರ್ ಕೊಂಡುಕೊಳ್ಳುತ್ತೀರಾ ಎಂದು ಕೇಳಲು ಮಾಡಿದ್ದರು.

ಕೊನೆಗೆ ಭಾವನವರು ಕುರ್ಚಿ ಬಿಟ್ಟು ಎದ್ದರು. ನಾನು ಪಾಸ್‌ವರ್ಡ್ ಕೇಳಿದೆ. ಈ ಮಹಾಕೋಟೆಯ ಬೀಗದ ಕೈ ಅವರದೇ ಹೆಸರು, ಪಕ್ಕದಲ್ಲಿ ಒಂದು, ಎರಡು, ಮೂರು. ಫೈಲ್ ತೆರೆದೆ. ಕಾರ್ಡಿನಿಂದ ವಿಳಾಸ ತೆಗೆದೆ, ಬ್ರಿಡ್ಜ್ ಬರೆದೆ, ಕಾರ್ಡನ್ನು ಅದರೊಳಕ್ಕೆ ಸೇರಿಸಿದೆ, ವಿಳಾಸವನ್ನೂ ಹೊರದಾರಿಯನ್ನೂ ಬ್ರಿಡ್ಜಿಗೆ ಕೊಟ್ಟೆ. ಬ್ರಿಡ್ಜ್ ಎದ್ದಿತು, ಒಳಗಿನ ಕಂಪ್ಯೂಟರುಗಳೆಲ್ಲ ಒಂದೊಂದಾಗಿ ಎದ್ದವು. ಆಮೇಲೆ ಅವರ ಕಣ್ಣೆದುರಿಗೇ ಬೇಕೆಂದೇ ಸರ್ವರನ್ನು ಇನ್ನೊಮ್ಮೆ ಆಫ್ ಮಾಡಿ ಆನ್ ಮಾಡಿದೆ. ಮತ್ತೆ ಎದ್ದವು.

"ಹ್ಞೂಂ. ನಾನೂ ಇದೇ ಮಾಡಬೇಕು ಅಂತಿದ್ದೆ, ಟೈಮ್ ಆಗಿರ್ಲಿಲ್ಲ" ಎಂದರು ಭಾವನವರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಸಂಜೆ ಗಿರಾಕಿಗಳಿಗೆಲ್ಲ ಒಂದು ಮೆಸೇಜ್ ಕಳಿಸಿದರು: ನಿಮ್ಮ ಹಿತಕ್ಕಾಗಿ ಮುಂಚೆಯೇ ನಿಗದಿಯಾಗಿದ್ದ ನಿರ್ವಹಣಾ ಕಾರ್ಯ ಯಶಸ್ವಿಯಾಗಿ ಪೂರ್ಣಗೊಂಡಿದೆ. ದಿನಗಳ ಲೆಕ್ಕದ ಮಾನಿಟರನ್ನು ಹೊಸ ಮನೆಯ ಬಿಸಿಲು ಬೀಳುವ ಕೋಣೆಯಲ್ಲಿ ತೂಗುಹಾಕಲು ಮೊಳೆ ಹುಡುಕುತ್ತಿದ್ದರು. ಅಷ್ಟರಲ್ಲಿ ಅಕ್ಕ ಪುಟ್ಟಿಯ ಮಂಚವನ್ನು ಆ ಕೋಣೆಗೆ ಎಳೆದುಕೊಂಡು ಬಂದಳು. ಸರ್ವರ್ ಈಗ ಶೂ ಸ್ಟ್ಯಾಂಡಿನ ಪಕ್ಕದಲ್ಲಿದೆ.

ಪುಟ್ಟಿ ಈಗ ಚೆನ್ನಾಗಿದ್ದಾಳೆ. ನೆಬ್ಯುಲೈಸರ್ ಕಪಾಟಿನ ಮೇಲೆ ಧೂಳು ಹಿಡಿದಿದೆ. ಆದರೆ ಪ್ರತಿ ಭಾನುವಾರ ಬೆಳಗ್ಗೆ ಅಕ್ಕ ಪೊರಕೆ ಹಿಡಿದು ಬಂದು, ಶೂ ಸ್ಟ್ಯಾಂಡ್ ಸರಿಸಿ, ಸರ್ವರಿನ ಪ್ಲಗ್ಗನ್ನು ಎಳೆಯುತ್ತಾಳೆ. ಮೊದಲ ಸಲ ಭಾವನವರು "ಏಯ್, ಏನು ಮಾಡ್ತಿದೀಯ?" ಎಂದು ಕೂಗಿದ್ದರು. "ಗುಡಿಸ್ಬೇಕು. ತಾನೇ ಏಳುತ್ತಲ್ಲ" ಎಂದಳು ಅವಳು. ಅದಾದ ಮೇಲೆ ಅವರು ಕೂಗಲಿಲ್ಲ.

ಹೋದ ಭಾನುವಾರ ನಾನು ಅಲ್ಲೇ ಇದ್ದೆ. ಅಕ್ಕ ಪ್ಲಗ್ ಎಳೆದಳು. ಭಾವನವರು ಕುರ್ಚಿಯಲ್ಲಿ ಮೊಣಕಾಲುಗಳ ನಡುವೆ ಕೈ ಸಿಕ್ಕಿಸಿಕೊಂಡು, ಆರಿದ ದೀಪವನ್ನೇ ನೋಡುತ್ತ, ಉಸಿರು ಬಿಗಿಹಿಡಿದು ಕೂತಿದ್ದರು. ಅಕ್ಕ ಗುಡಿಸಿದಳು, ನೆಲ ಒರೆಸಿದಳು, ಬಟ್ಟೆ ಹಿಂಡಿದಳು, ಮತ್ತೊಮ್ಮೆ ಒರೆಸಿದಳು.

"ಆಯ್ತೇನೇ?" ಎಂದರು ಭಾವನವರು.

"ಒಂದೇ ಒಂದು ನಿಮಿಷ" ಎಂದಳು ಅಕ್ಕ.